ಖಾಸಗಿ ಮಾಲೀಕತ್ವದ ಸಣ್ಣ ಮಣ್ಣಿನ ಅಣೆಕಟ್ಟುಗಳು ಮತ್ತು ಅವುಗಳ ಸುರಕ್ಷತಾ ವರ್ಗೀಕರಣ – ಸಾರ್ವಜನಿಕರಿಗೆ ಮಾಹಿತಿ

ಕಾಫಿ ತೋಟಗಳಲ್ಲಿ ಹಾಗೂ ಸ್ವಂತ ಹಿಡುವಳಿಯ ಹಳ್ಳಗಳಿಗೆ ಅಡ್ಡಲಾಗಿ ಮಣ್ಣಿನ ಏರಿ ನಿರ್ಮಿಸಿ ನೀರನ್ನು ಸಂಗ್ರಹಿಸುವ ಪದ್ಧತಿಯು ನಮ್ಮ ರಾಜ್ಯದಲ್ಲಿ ರೂಢಿಯಲ್ಲಿದೆ. ಇಂತಹ ಏರಿಯ ಮಾಲೀಕರು, ಅದನ್ನು ನಿರ್ಮಿಸಲು ಅಥವಾ ಎತ್ತರಿಸಲು ಅನುಮತಿ ಕೋರುವವರು ಹಾಗೂ ಏರಿಯ ಕೆಳಭಾಗದಲ್ಲಿ ವಾಸಿಸುವವರು ತಿಳಿದಿರಬೇಕಾದ ಅಂಶಗಳನ್ನು ಕೆಳಗೆ ನೀಡಲಾಗಿದೆ.

1. ಅಪಾಯ ವರ್ಗೀಕರಣ ಎಂದರೇನು?

ಏರಿಯು ಒಡೆದಲ್ಲಿ ಕೆಳಭಾಗದಲ್ಲಿ ಉಂಟಾಗಬಹುದಾದ ಪ್ರಾಣಹಾನಿ ಹಾಗೂ ಆಸ್ತಿಹಾನಿಯ ಪ್ರಮಾಣವನ್ನು ಆಧರಿಸಿ ಅಪಾಯ ವರ್ಗವನ್ನು ನಿರ್ಧರಿಸಲಾಗುತ್ತದೆ. ಇದು ಏರಿಯ ಸದ್ಯದ ಸ್ಥಿತಿಯನ್ನು ಸೂಚಿಸುವುದಿಲ್ಲ. ಸುಭದ್ರವಾದ ಏರಿಯ ಕೆಳಗೆ ಮನೆಗಳಿದ್ದಲ್ಲಿ ಅದು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಬಹುದು. ಶಿಥಿಲವಾದ ಏರಿಯ ಕೆಳಗೆ ಪಾಳುಭೂಮಿ ಮಾತ್ರ ಇದ್ದಲ್ಲಿ ಅದು ಕಡಿಮೆ ಅಪಾಯದ ವರ್ಗದಲ್ಲಿರಬಹುದು. ಆದ್ದರಿಂದ "ಕಡಿಮೆ ಅಪಾಯ" ಎಂಬ ವರ್ಗವನ್ನು ಸುರಕ್ಷತೆಯ ಪ್ರಮಾಣಪತ್ರವೆಂದು ಭಾವಿಸತಕ್ಕದ್ದಲ್ಲ.

2. ಅಣೆಕಟ್ಟು ಸುರಕ್ಷತಾ ಅಧಿನಿಯಮ, 2021

ಈ ಅಧಿನಿಯಮವು ದಿನಾಂಕ 30-12-2021ರಿಂದ ಜಾರಿಯಲ್ಲಿದೆ. ಇದರ ವ್ಯಾಪ್ತಿಗೆ ಬರುವ "ನಿರ್ದಿಷ್ಟ ಅಣೆಕಟ್ಟು"ಗಳೆಂದರೆ:

(ಅ) 15 ಮೀಟರಿಗಿಂತ ಹೆಚ್ಚು ಎತ್ತರವಿರುವವು; ಅಥವಾ
(ಆ) 10ರಿಂದ 15 ಮೀಟರ್ ಎತ್ತರವಿದ್ದು, ಏರಿಯ ಉದ್ದ ಕನಿಷ್ಠ 500 ಮೀಟರ್, ಸಂಗ್ರಹ ಸಾಮರ್ಥ್ಯ ಕನಿಷ್ಠ 10 ಲಕ್ಷ ಘನ ಮೀಟರ್, ಗರಿಷ್ಠ ಪ್ರವಾಹ ವಿಸರ್ಜನೆ ಸೆಕೆಂಡಿಗೆ ಕನಿಷ್ಠ 2,000 ಘನ ಮೀಟರ್, ತಳಪಾಯದ ವಿಶೇಷ ತೊಡಕು ಅಥವಾ ಅಸಾಮಾನ್ಯ ವಿನ್ಯಾಸ, ಇವುಗಳಲ್ಲಿ ಯಾವುದಾದರೂ ಒಂದನ್ನು ಹೊಂದಿರುವವು.

ಎತ್ತರವನ್ನು ತಳಪಾಯದ ಅತ್ಯಂತ ಕೆಳಭಾಗದಿಂದ ಏರಿಯ ಮೇಲ್ಭಾಗದವರೆಗೆ ಅಳೆಯಲಾಗುತ್ತದೆ, ನೆಲಮಟ್ಟದಿಂದಲ್ಲ. ಸರ್ಕಾರವಲ್ಲದೆ ಖಾಸಗಿ ಮಾಲೀಕರೂ ಈ ಅಧಿನಿಯಮಕ್ಕೆ ಒಳಪಡುತ್ತಾರೆ. ನಿರ್ದಿಷ್ಟ ಅಣೆಕಟ್ಟಿನ ಮಾಲೀಕರು ಪ್ರತಿ ವರ್ಷ ಮುಂಗಾರಿಗೆ ಮುನ್ನ ಹಾಗೂ ನಂತರ ತಪಾಸಣೆ ನಡೆಸುವುದು, ತುರ್ತು ಕ್ರಿಯಾ ಯೋಜನೆಯನ್ನು ಸಿದ್ಧಪಡಿಸುವುದು ಕಡ್ಡಾಯವಾಗಿರುತ್ತದೆ. ಇವುಗಳ ಅಪಾಯ ವರ್ಗವನ್ನು ರಾಜ್ಯ ಅಣೆಕಟ್ಟು ಸುರಕ್ಷತಾ ಸಂಸ್ಥೆಯು ನಿರ್ಧರಿಸುತ್ತದೆ.

3. ಅಧಿನಿಯಮದ ವ್ಯಾಪ್ತಿಗೆ ಬಾರದ ಸಣ್ಣ ಏರಿಗಳು

ಖಾಸಗಿ ತೋಟಗಳ ಸಣ್ಣ ಏರಿಗಳು ಸಾಮಾನ್ಯವಾಗಿ ಮೇಲಿನ ಮಿತಿಗಿಂತ ಕೆಳಗಿರುತ್ತವೆ. ಆದರೆ ಅವು ಅಪಾಯರಹಿತವೆಂದು ಇದರ ಅರ್ಥವಲ್ಲ. ಕೋಡಿಯ ಸಾಮರ್ಥ್ಯವನ್ನು ಕುರಿತ ಭಾರತೀಯ ಮಾನಕ 11223 (1985)ರ ಪ್ರಕಾರ, 5 ಲಕ್ಷದಿಂದ 1 ಕೋಟಿ ಘನ ಮೀಟರ್ ಸಂಗ್ರಹವಿರುವ ಸಣ್ಣ ಅಣೆಕಟ್ಟಿನ ಕೋಡಿಯು 100 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹವನ್ನು ಹೊರಹಾಕುವಂತಿರಬೇಕು. ಕೆಳಭಾಗದಲ್ಲಿ ಹೆಚ್ಚಿನ ಹಾನಿಯ ಸಂಭವವಿದ್ದಲ್ಲಿ ಇದಕ್ಕಿಂತ ದೊಡ್ಡ ಪ್ರವಾಹವನ್ನು ಪರಿಗಣಿಸಬಹುದಾಗಿದೆ.

4. ಒಂದು ನಿದರ್ಶನ

ಅಮೆರಿಕದ ಹವಾಯಿ ರಾಜ್ಯದ ಕವಾಯಿ ದ್ವೀಪದಲ್ಲಿ, ಕಬ್ಬಿನ ನೀರಾವರಿಗಾಗಿ 1890ರಲ್ಲಿ ನಿರ್ಮಿಸಿದ್ದ ಕಾ ಲೋಕೊ ಎಂಬ ಖಾಸಗಿ ಮಣ್ಣಿನ ಅಣೆಕಟ್ಟು 14-3-2006ರಂದು ನಸುಕಿನಲ್ಲಿ ಒಡೆದು 7 ಜನರು ಮೃತಪಟ್ಟರು. ಅದಕ್ಕೂ ಮುನ್ನ ಹಲವು ವಾರಗಳ ಕಾಲ ಭಾರಿ ಮಳೆಯಾಗಿತ್ತು. ಕೋಡಿಯಿಲ್ಲದೆ ನೀರು ಏರಿಯ ಮೇಲೆ ಹರಿದದ್ದೇ ಸಂಭವನೀಯ ಕಾರಣವೆಂದು ಸ್ವತಂತ್ರ ತನಿಖೆಯು ತಿಳಿಸಿತು. ಒಡೆಯುವಾಗ ಈ ಅಣೆಕಟ್ಟು ದಾಖಲೆಯಲ್ಲಿ "ಕಡಿಮೆ ಅಪಾಯ"ದ ವರ್ಗದಲ್ಲಿತ್ತು.

5. ವರ್ಗವನ್ನು ಮರುಪರಿಶೀಲಿಸಬೇಕಾದ ಸಂದರ್ಭಗಳು

- ಏರಿಯ ಕೆಳಗೆ ಹೊಸ ಮನೆ, ಕೂಲಿ ಲೈನು, ಹೋಂಸ್ಟೇ, ಶಾಲೆ ಅಥವಾ ರಸ್ತೆ ನಿರ್ಮಾಣವಾದಾಗ
- ಏರಿ ಅಥವಾ ಕೋಡಿಯನ್ನು ಎತ್ತರಿಸಿದಾಗ
- ಅದೇ ಹಳ್ಳದಲ್ಲಿ ಮೇಲ್ಭಾಗಕ್ಕೆ ಮತ್ತೊಂದು ಏರಿ ನಿರ್ಮಾಣವಾದಾಗ (ಮೇಲಿನದು ಒಡೆದಲ್ಲಿ ಕೆಳಗಿನದೂ ಒಡೆಯುವ ಸಂಭವವಿರುತ್ತದೆ)

6. ಮಾಲೀಕರು ಗಮನಿಸಬೇಕಾದ ಅಂಶಗಳು

- ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಅದು ಬೇಗನೆ ಕೊರೆದುಹೋಗುತ್ತದೆ. ಆದ್ದರಿಂದ ಕೋಡಿಯನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಹೆಚ್ಚು ನೀರು ನಿಲ್ಲಿಸಲು ಮರಳಿನ ಚೀಲ ಅಥವಾ ಹಲಗೆ ಇಡಬಾರದು. ಮೀನಿಗಾಗಿ ಬಲೆ ಕಟ್ಟಬಾರದು.
- ಏರಿಯ ಬುಡದಲ್ಲಿ ತಿಳಿನೀರು ಅಲ್ಪ ಪ್ರಮಾಣದಲ್ಲಿ ಜಿನುಗುವುದು ಸಾಮಾನ್ಯ. ಜಿನುಗುವ ನೀರು ಕದಡಿದ್ದಲ್ಲಿ ಏರಿಯ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಕೂಡಲೇ ತೂಬು ತೆರೆದು ನೀರಿನ ಮಟ್ಟವನ್ನು ತಗ್ಗಿಸಿ ತಜ್ಞರನ್ನು ಕರೆಸತಕ್ಕದ್ದು.
- ಏರಿಯ ಮೇಲೆ ದೊಡ್ಡ ಮರಗಳನ್ನು ಬೆಳೆಯಗೊಡಬಾರದು. ಹೆಗ್ಗಣದ ಬಿಲ, ಬಿರುಕು ಹಾಗೂ ಕುಸಿತಗಳನ್ನು ಮಳೆಗಾಲಕ್ಕೆ ಮುನ್ನ ಸರಿಪಡಿಸತಕ್ಕದ್ದು.

7. ಹೊಣೆಗಾರಿಕೆ

ಏರಿ ಒಡೆದು ಇತರರಿಗೆ ಹಾನಿಯಾದಲ್ಲಿ ಮಾಲೀಕರ ಹೊಣೆಯ ಪ್ರಶ್ನೆ ಉದ್ಭವಿಸುತ್ತದೆ. 1874ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿದ ಕಾರ್ವೇಟಿನಗರದ ಜಮೀನ್ದಾರರ ಮೊಕದ್ದಮೆಯಲ್ಲಿ, ಕೆರೆಗಳು ಒಡೆದು ರೈಲ್ವೆಗೆ ಹಾನಿಯಾಗಿತ್ತು. ಪುರಾತನ ಕೆರೆಗಳನ್ನು ಸಂರಕ್ಷಿಸುವುದು ಜಮೀನ್ದಾರರ ಕರ್ತವ್ಯವಾಗಿದ್ದು, ಅವರ ನಿರ್ಲಕ್ಷ್ಯ ಸಾಬೀತಾಗದ ಕಾರಣ ಅವರನ್ನು ಹೊಣೆ ಮಾಡಲಿಲ್ಲ. ಸ್ವಂತ ಲಾಭಕ್ಕಾಗಿ ಹೊಸದಾಗಿ ಏರಿ ನಿರ್ಮಿಸುವವರು ಇದೇ ರಕ್ಷಣೆಯನ್ನು ನಿರೀಕ್ಷಿಸಲಾಗದು. ತಪಾಸಣೆ ಹಾಗೂ ದುರಸ್ತಿಯ ವಿವರಗಳನ್ನು ದಿನಾಂಕ ಸಹಿತ ದಾಖಲಿಸಿಡುವುದು ಸೂಕ್ತ.

8. ಅರ್ಜಿದಾರರು ಸಿದ್ಧಪಡಿಸಿಟ್ಟುಕೊಳ್ಳಬಹುದಾದ ವಿವರಗಳು

(1) ಸರ್ವೆ ನಂಬರು ಹಾಗೂ ಪಹಣಿ ಪ್ರತಿ (2) ಏರಿಯ ಎತ್ತರ, ಉದ್ದ ಮತ್ತು ಸಂಗ್ರಹ ಸಾಮರ್ಥ್ಯ (3) ಕೋಡಿ ಮತ್ತು ತೂಬಿನ ಅಳತೆ (4) ಏರಿಯ ಕೆಳಗೆ ಹಳ್ಳದ ಇಕ್ಕೆಲಗಳಲ್ಲಿರುವ ಮನೆ, ರಸ್ತೆ ಹಾಗೂ ಜಮೀನುಗಳನ್ನು ತೋರಿಸುವ ನಕ್ಷೆ. ನಾಲ್ಕನೆಯ ವಿವರವೇ ಅಪಾಯ ವರ್ಗಕ್ಕೆ ಮುಖ್ಯ ಆಧಾರವಾಗಿರುವುದರಿಂದ ಯಾವ ಮನೆಯನ್ನೂ ಬಿಡದೆ ನಮೂದಿಸತಕ್ಕದ್ದು.

ಏರಿಯಲ್ಲಿ ಬಿರುಕು, ಕುಸಿತ ಅಥವಾ ಕದಡಿದ ನೀರಿನ ಸೋರಿಕೆ ಕಂಡುಬಂದಲ್ಲಿ ಕೆಳಭಾಗದ ನಿವಾಸಿಗಳು ಮೊದಲು ಎತ್ತರದ ಸ್ಥಳಕ್ಕೆ ತೆರಳಿ, ನಂತರ ತಹಶೀಲ್ದಾರರಿಗೆ, ಗ್ರಾಮ ಪಂಚಾಯಿತಿಗೆ ಅಥವಾ ತುರ್ತು ದೂರವಾಣಿ ಸಂಖ್ಯೆ 112ಕ್ಕೆ ತಿಳಿಸಲು ಕೋರಲಾಗಿದೆ.