ಒಂದು ಪ್ರಶ್ನೆ ಚಿಹ್ನೆಯ ತಪ್ಪು ಓದು: ಕುರಿಯ ರಿಸೆಪ್ಟರ್, ಬೆಂಗಳೂರಿನ ಕೋತಿ

ನುಗ್ಗೇಹಳ್ಳಿ ರಘುವೀರ ಮೌದ್ಗಲ್ ಮತ್ತು ಎಂ. ಆರ್. ಸಾಯಿರಾಮ್ 1998ರಲ್ಲಿ 'ಹ್ಯೂಮನ್ ರಿಪ್ರೊಡಕ್ಷನ್' ಪತ್ರಿಕೆಗೆ ಬರೆದ ಪುಟ್ಟ ಲೇಖನದ ಶೀರ್ಷಿಕೆ ಪ್ರಶ್ನೆ ಚಿಹ್ನೆಯಲ್ಲಿ ಮುಗಿಯುತ್ತದೆ. ಪ್ರೈಮೇಟ್‌ಗಳಲ್ಲಿ ವೀರ್ಯಾಣು ಉತ್ಪಾದನೆಗೂ ಫಲವಂತಿಕೆಗೂ ಎಫ್‌ಎಸ್‌ಎಚ್ (ಫಾಲಿಕಲ್ ಸ್ಟಿಮ್ಯುಲೇಟಿಂಗ್ ಹಾರ್ಮೋನ್) ನಿಜವಾಗಿಯೂ ಬೇಕೆ ಎಂಬುದು ಅದರ ಪ್ರಶ್ನೆ. ನನಗಿಂತ ಮೊದಲು ಈ ವಿಷಯ ಮುಟ್ಟಿ ಲೇಖನ ಬರೆದ ಹಿರಿಯರೊಬ್ಬರು (ಹೆಸರು ಬೇಡ, ಜಯನಗರದ ಅವರ ಮನೆಯ ಜಗಲಿಯಲ್ಲಿ ಕುಡಿದ ಕಾಫಿಯ ಋಣ ನನ್ನ ಮೇಲಿದೆ) ಆ ಚಿಹ್ನೆಯನ್ನು ಶರಣಾಗತಿ ಎಂದೇ ಓದಿದರು. ಆ ಹಾರ್ಮೋನನ್ನು ಹಿಡಿಯುವ ರಿಸೆಪ್ಟರಿನ ಮರುಸಂಯೋಜಿತ ಪ್ರೋಟೀನನ್ನು ಕೋತಿಗಳಿಗೆ ಲಸಿಕೆಯಾಗಿ ಚುಚ್ಚಿದ, ಭಾರತೀಯ ವಿಜ್ಞಾನ ಸಂಸ್ಥೆಯ ಮೌದ್ಗಲ್ ತಂಡದ ಪ್ರಯೋಗ ಇಲಿಯ ಮುಂದೆ ಸೋತಿತು ಎಂಬುದು ಅವರ ತೀರ್ಪು. ಆ ತೀರ್ಪು ನಿಲ್ಲುವುದಿಲ್ಲ.

ರಿಸೆಪ್ಟರ್‌ಗೆ ನಮ್ಮ ಪಠ್ಯಪುಸ್ತಕಗಳು 'ಗ್ರಾಹಕ' ಎನ್ನುತ್ತವೆ. ಅಂಗಡಿಯ ಗಿರಾಕಿ ನೆನಪಾಗುವುದರಿಂದ ನಾನು ಇಂಗ್ಲಿಷ್ ಪದವನ್ನೇ ಉಳಿಸಿಕೊಂಡಿದ್ದೇನೆ.

1997ರ ಆ ಪ್ರಯೋಗದಲ್ಲಿ ಬಳಕೆಯಾದದ್ದು ಮನುಷ್ಯನ ರಿಸೆಪ್ಟರ್ ಅಲ್ಲ, ಕುರಿಯದು. ಮಾನವ ರಿಸೆಪ್ಟರಿನ ಜೀನು ಆ ದಶಕದ ಆರಂಭದಲ್ಲೇ ಕೈಗೆ ಸಿಕ್ಕಿತ್ತು. ಆದರೂ ಕುರಿಯದನ್ನೇ ಬಳಸಿದ್ದು ಬಡತನದ ಲಕ್ಷಣ ಎಂದು ಹಿರಿಯರು ಹೇಳುತ್ತಾರೆ. ಲಸಿಕೆಯ ಮೂಲಪಾಠವೇ ಇಲ್ಲಿ ಮರೆತುಹೋಗಿದೆ. ದೇಹ ತನ್ನದೇ ಪ್ರೋಟೀನಿನ ವಿರುದ್ಧ ಸುಲಭವಾಗಿ ಪ್ರತಿಕಾಯ ತಯಾರಿಸುವುದಿಲ್ಲ. ಮಾನವ ರಿಸೆಪ್ಟರ್ ಕೋತಿಯದಕ್ಕೆ ತೀರ ಹತ್ತಿರದ್ದು. ಕುರಿಯದು ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುವಷ್ಟು ಪರಕೀಯ, ಹುಟ್ಟಿದ ಪ್ರತಿಕಾಯ ಕೋತಿಯ ರಿಸೆಪ್ಟರಿಗೂ ಅಂಟುವಷ್ಟು ಸಮೀಪ. ಮಾಂಟ್ರಿಯಲ್‌ನ ಸಾಯಿರಾಮ್ ಕುರಿಯ ರಿಸೆಪ್ಟರಿನಲ್ಲಿ ಪಳಗಿದವರು ಎಂಬುದೂ ಕಾರಣವಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೋತಿಯಾದರೋ ಜೆ.ಪಿ. ನಗರ, ಬನಶಂಕರಿಯ ಮಾಳಿಗೆಗಳ ಮೇಲೆ ಹಪ್ಪಳ ಕದಿಯುವ ನಮ್ಮದೇ ಮಕಾಕಾ ರೇಡಿಯೇಟಾ. ಲಸಿಕೆ ಪಡೆದ ಗಂಡು ಕೋತಿಗಳಲ್ಲಿ ವೀರ್ಯಾಣು ಇಳಿಯಿತು, ಟೆಸ್ಟೊಸ್ಟೆರಾನ್ ಇಳಿಯಲಿಲ್ಲ. ವೃಷಣದ ಎಲ್ಲ ಕೆಲಸವೂ ಕೆಟ್ಟಿರಲಿಲ್ಲ ಎಂಬುದಕ್ಕೆ ಈ ಎರಡನೆಯ ಅಂಶವೇ ಸಾಕ್ಷಿ, ಮತ್ತು ಟೀಕಾಕಾರರು ಬಿಟ್ಟುಬಿಡುವುದೂ ಇದನ್ನೇ.

ಅದೇ 1997ರಲ್ಲಿ ಎಫ್‌ಎಸ್‌ಎಚ್‌ನ ಬೀಟಾ ಉಪಘಟಕದ ಜೀನು ಕಿತ್ತುಹಾಕಿದ ಗಂಡಿಲಿಗಳು ಸಣ್ಣ ವೃಷಣ, ಕಡಿಮೆ ವೀರ್ಯಾಣುಗಳೊಂದಿಗೂ ಮರಿ ಹಾಕಿಸಿದವು. ಹಿರಿಯರ ವಾದ ಇಲ್ಲಿಗೆ ಮುಗಿಯುತ್ತದೆ, ನನ್ನದು ಇಲ್ಲಿಂದ ಶುರುವಾಗುತ್ತದೆ. ಆ ಇಲಿ ಭ್ರೂಣಾವಸ್ಥೆಯಿಂದಲೇ ಎಫ್‌ಎಸ್‌ಎಚ್ ಇಲ್ಲದೆ ಬೆಳೆದದ್ದು; ಕೋತಿ ಆ ಹಾರ್ಮೋನಿನ ಆಸರೆಯಲ್ಲೇ ಪ್ರಾಯಕ್ಕೆ ಬಂದು ಆಮೇಲೆ ಅದನ್ನು ಕಳೆದುಕೊಂಡದ್ದು. ಹುಟ್ಟಿನಿಂದ ಊರುಗೋಲಿಲ್ಲದೆ ನಡೆದವನನ್ನೂ ನಡುದಾರಿಯಲ್ಲಿ ಊರುಗೋಲು ಕಳೆದುಕೊಂಡವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಹಿರಿಯರ ಎರಡನೆಯ ಸಾಕ್ಷಿ ಫಿನ್ಲೆಂಡಿನದು, ಅದು ಇಲಿಗಿಂತ ಗಟ್ಟಿ. ಅಲ್ಲಿನ ಕೆಲವು ಕುಟುಂಬಗಳಲ್ಲಿ ರಿಸೆಪ್ಟರಿನ 189ನೇ ಸ್ಥಾನದ ಅಲನೀನ್ ಹೋಗಿ ವ್ಯಾಲೀನ್ ಬಂದಿದೆ. ಇದು 1995ರಲ್ಲಿ ವರದಿಯಾಯಿತು. ಅಂಥ ಐವರು ಗಂಡಸರನ್ನು 1997ರಲ್ಲಿ ಪರೀಕ್ಷಿಸಿದಾಗ ಯಾರಲ್ಲೂ ವೀರ್ಯಾಣು ಪೂರ್ತಿ ಬತ್ತಿರಲಿಲ್ಲ, ಇಬ್ಬರು ತಂದೆಯಾಗಿದ್ದರು. ಒಪ್ಪಿದೆ. ಆದರೆ 1995ರ ವರದಿಯನ್ನೇ ಇನ್ನೊಮ್ಮೆ ಓದಿ: ಬದಲಾದ ರಿಸೆಪ್ಟರ್ ಹಾರ್ಮೋನನ್ನು ಹಿಡಿಯುವ ಪ್ರಮಾಣ ಕುಸಿದಿತ್ತು, ಹಿಡಿತದ ಬಿಗಿ ಮಾತ್ರ ಹೆಚ್ಚುಕಡಿಮೆ ಮಾಮೂಲಿನಂತಿತ್ತು. ಅಂದರೆ ಬಾಗಿಲುಗಳು ವಿರಳ, ಇದ್ದ ಬಾಗಿಲಿನ ಹಿಡಿ ಮಾತ್ರ ಸರಿಯಿತ್ತು. ಇದನ್ನು ರಿಸೆಪ್ಟರಿನ ಸಂಪೂರ್ಣ ಅಭಾವ ಎನ್ನುವುದು ಅವಸರ. ಎಫ್‌ಎಸ್‌ಎಚ್‌ನ ಬೀಟಾ ಜೀನೇ ಕೆಟ್ಟ ಗಂಡಸರಲ್ಲಿ ವೀರ್ಯಾಣುವೇ ಇಲ್ಲದ್ದು 1998ರಲ್ಲಿ ವರದಿಯಾಯಿತು. ಅವರಲ್ಲಿ ಒಬ್ಬರಿಗೆ ಟೆಸ್ಟೊಸ್ಟೆರಾನ್ ಕೊರತೆಯೂ ಕಂಡುಬಂದದ್ದರಿಂದ ಈ ಸಾಕ್ಷಿಯನ್ನು ನಾನು ಹೆಚ್ಚು ಎಳೆಯುವುದಿಲ್ಲ.

ನಮ್ಮವರ ಪಕ್ಷದ ಹುಳುಕನ್ನೂ ಹೇಳಬೇಕು. ವೀರ್ಯಾಣು ಇಳಿದ ಮಾತ್ರಕ್ಕೆ ಸಂತಾನ ನಿಂತಿತು ಎಂದಲ್ಲ. ಜರ್ಮನಿಯಲ್ಲಿ ರೀಸಸ್ ಕೋತಿಗಳಿಗೆ ನಾಲ್ಕೂವರೆ ವರ್ಷ ಎಫ್‌ಎಸ್‌ಎಚ್ ಲಸಿಕೆ ಕೊಟ್ಟು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಸಂಖ್ಯೆ ಕುಸಿದರೂ ಸೊನ್ನೆಯಲ್ಲಿ ನಿಲ್ಲಲಿಲ್ಲ. ಉಳಿದವು ಎಷ್ಟು ಎನ್ನುವುದಕ್ಕಿಂತ ಅವುಗಳ ಗುಣವೆಂಥದು ಎಂಬುದರ ಮೇಲೆ ಮೌದ್ಗಲ್ ತಮ್ಮ ವಾದ ಕಟ್ಟಿದರು. ಆ ಅಳತೆ ಸುಲಭದ್ದಲ್ಲ, ಅವರ ಲಸಿಕೆ ಔಷಧದಂಗಡಿ ಮುಟ್ಟಲೂ ಇಲ್ಲ.

ರಿಸೆಪ್ಟರಿನ ಅಧ್ಯಯನ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಮಾನವ ರಿಸೆಪ್ಟರಿನ ಹೊರತುಂಡನ್ನು ಕೀಟಕೋಶಗಳಲ್ಲಿ ತಯಾರಿಸಿ, ಹಾರ್ಮೋನಿನೊಂದಿಗೆ ಹರಳುಗಟ್ಟಿಸಿ ಫ್ಯಾನ್ ಮತ್ತು ಹೆಂಡ್ರಿಕ್‌ಸನ್ 2005ರಲ್ಲಿ ಅದರ ಆಕಾರ ತೋರಿಸಿದರು. ಫಿನ್ಲೆಂಡಿನ ಆ 189ನೇ ಸ್ಥಾನ ಬರುವುದೂ ಆ ತುಂಡಿನೊಳಗೇ. ಅದಾದ ಮೇಲೂ ಹಿರಿಯರು ತಮ್ಮ ಲೇಖನದ ಒಂದಕ್ಷರ ತಿದ್ದಲಿಲ್ಲ.

ಅವರು ನೋಡದೆ ಬಿಟ್ಟ ಇನ್ನೊಂದು ಹೆಸರಿದೆ. 1998ರಲ್ಲೇ ರಿಸೆಪ್ಟರ್ ಜೀನನ್ನೇ ಕಿತ್ತ ಇಲಿಗಳ ವರದಿ ಅಮೆರಿಕದ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ ಬಂತು. ಅದರಲ್ಲೂ ಗಂಡಿಲಿಗಳ ವೀರ್ಯಾಣು ಕಡಿಮೆ, ಆದರೂ ಅವು ಫಲವಂತವೇ. ಆ ವರದಿಯ ಲೇಖಕರ ಪಟ್ಟಿಯಲ್ಲಿ ಎರಡನೆಯ ಹೆಸರು ಸಾಯಿರಾಮ್. ಇಲಿ ಮರಿ ಹಾಕಿಸುತ್ತದೆಂದು ತೋರಿಸಿದವರಲ್ಲಿ ಒಬ್ಬರಾದ ಅವರೇ ಅದೇ ವರ್ಷ ಮೌದ್ಗಲ್ ಜೊತೆ ಆ ಪ್ರಶ್ನೆ ಎತ್ತಿದರು. ಎತ್ತಿದ್ದು ಇಲಿಯ ಬಗ್ಗೆ ಅಲ್ಲ, ಪ್ರೈಮೇಟ್‌ಗಳ ಬಗ್ಗೆ.