ಬೆಳಕನ್ನು ಹೇಳುವ ಇಂಗ್ಲಿಷ್ ಪದಗಳು

ಇಂಗ್ಲಿಷಿನಲ್ಲಿ ಬೆಳಕನ್ನು ಹೇಳುವ ಪದಗಳು ಒಂದೇ ಮೂಲದವಲ್ಲ. ಲೈಟ್, ಬ್ರೈಟ್, ಶೈನ್, ಗ್ಲೀಮ್ ಮೊದಲಾದವು ಜರ್ಮಾನಿಕ್ ಮೂಲದ ಮನೆಮಾತುಗಳು. ಕ್ಯಾಂಡಲ್ ಲ್ಯಾಟಿನ್ನಿನಿಂದ ಬಂದರೆ, ಲ್ಯಾಂಪ್ ಮತ್ತು ಲ್ಯಾಂಟರ್ನ್ ಗ್ರೀಕಿನಲ್ಲಿ ಹುಟ್ಟಿ ಲ್ಯಾಟಿನ್, ಫ್ರೆಂಚ್‌ಗಳನ್ನು ಹಾಯ್ದು ಬಂದವು. ಇವುಗಳಲ್ಲಿ ಹಲವು ಕಣ್ಣಿಗೆ ಕಾಣುವ ಉರಿ, ಬಿಳುಪು, ಹೊಳಪುಗಳಿಂದ ಹೊರಟು ಮನುಷ್ಯನ ಗುಣ, ಬುದ್ಧಿ, ಖ್ಯಾತಿಗಳನ್ನು ಹೇಳುವ ಪದಗಳಾಗಿವೆ.

ಲೈಟ್ ಎಂಬುದು ನಿಜಕ್ಕೂ ಎರಡು ಪದ. ಬೆಳಕು ಎಂಬರ್ಥದ ಲೈಟ್ ಹುಟ್ಟಿದ್ದು ಇಂಡೋ-ಯೂರೋಪಿಯನ್ನಿನ 'ಲೆಉಕ್' ಎಂಬ ಧಾತುವಿನಿಂದ. ಲ್ಯಾಟಿನ್ನಿನ ಲಕ್ಸ್ (ಬೆಳಕು) ಮತ್ತು ಲೂನಾ (ಚಂದ್ರ), ಗ್ರೀಕಿನ ಲ್ಯೂಕೋಸ್ (ಬಿಳಿ) ಇದರ ಬಂಧುಗಳು. ಸಂಸ್ಕೃತದಲ್ಲಿ ಇದೇ ಧಾತು 'ರುಚ್' ಆಗಿದೆ. ನಾವು ನಾಲಗೆಗೆ ಸೀಮಿತಗೊಳಿಸಿರುವ 'ರುಚಿ'ಗೆ ಸಂಸ್ಕೃತದಲ್ಲಿ ಕಾಂತಿ ಎಂಬ ಅರ್ಥವೂ ಇದೆ. ಭಾರವಿಲ್ಲದ್ದು ಎಂಬರ್ಥದ ಲೈಟ್ ಬೇರೆಯೇ ಧಾತುವಿನದು. ಸಂಸ್ಕೃತದ 'ಲಘು' ಅದರ ಸೋದರ. ಶ್ವಾಸಕೋಶವನ್ನು ಹೇಳುವ ಲಂಗ್ ಕೂಡ ಅದೇ ಮನೆತನದ್ದು, ಏಕೆಂದರೆ ಅದು ದೇಹದ ಹಗುರ ಅಂಗ. 'ಲೈಟ್ ಹಾಕು' ಎಂದೂ 'ಟೀ ಲೈಟಾಗಿರಲಿ' ಎಂದೂ ಹೇಳುವ ಕನ್ನಡಿಗರು ಎರಡನ್ನೂ ಎರವಲು ಪಡೆದಿದ್ದಾರೆ.

ಲೈಟ್ ಪದದ ಕಾಗುಣಿತದಲ್ಲಿ ಈಗ ಉಚ್ಚಾರಗೊಳ್ಳದ 'ಜಿ', 'ಎಚ್' ಅಕ್ಷರಗಳು ಹಿಂದೆ ಗಂಟಲಿನಿಂದ ಹೊರಡುವ ಒಂದು ಉಸಿರುಧ್ವನಿಯನ್ನು ಸೂಚಿಸುತ್ತಿದ್ದವು. ಸ್ಕಾಟ್ಸ್ ನುಡಿಯ 'ಲಿಖ್ಟ್'ನಲ್ಲಿ ಅದು ಇನ್ನೂ ಕೇಳಿಸುತ್ತದೆ. ಆನಂದವನ್ನು ಹೇಳುವ ಡಿಲೈಟ್‌ಗೆ ಮಾತ್ರ ಈ ಧ್ವನಿ ಎಂದೂ ಇರಲಿಲ್ಲ. ಫ್ರೆಂಚಿನಿಂದ ಬಂದ ಆ ಪದಕ್ಕೂ ಬೆಳಕಿಗೂ ಸಂಬಂಧವಿಲ್ಲ. 16ನೇ ಶತಮಾನದಲ್ಲಿ ಲೈಟ್ ಪದವನ್ನು ನೋಡಿಕೊಂಡು ಅದಕ್ಕೂ ಆ ಎರಡು ಅಕ್ಷರ ಸೇರಿಸಿದರು.

ಕ್ಯಾಂಡಲ್ ಪದದ ಹಿಂದಿರುವುದು 'ಬೆಳ್ಳಗೆ ಹೊಳೆ' ಎಂಬರ್ಥದ ಲ್ಯಾಟಿನ್ ಕ್ರಿಯಾಪದ. ಸಂಸ್ಕೃತದ 'ಚಂದ್ರ' ಇದರ ನಂಟ. ಲ್ಯಾಟಿನ್ನಿನ 'ಕ್ಯಾಂಡೇಲಾ' ಗ್ರೀಕ್ ಮತ್ತು ಅರಬ್ಬಿಯ ದಾರಿಯಲ್ಲಿ ಸಾಗಿ ನಮ್ಮಲ್ಲಿಗೆ 'ಕಂದೀಲು' ಆಗಿ ಬಂದಿದೆ. ರೋಮಿನಲ್ಲಿ ಪದವಿ ಬಯಸುವವರು ಸೀಮೆಸುಣ್ಣ ತಿಕ್ಕಿ ಬೆಳ್ಳಗಾಗಿಸಿದ ಟೋಗಾ ಉಟ್ಟು ಮತ ಕೇಳುತ್ತಿದ್ದರು; ಅವರೇ ಕ್ಯಾಂಡಿಡೇಟರು. ಕ್ಯಾಂಡಿಡ್ ಪದವೂ ಬಿಳಿ, ನಿರ್ಮಲ ಎಂಬ ಅರ್ಥಗಳನ್ನು ದಾಟಿ ಮುಚ್ಚುಮರೆಯಿಲ್ಲದ ಎಂಬಲ್ಲಿಗೆ ಬಂದಿದೆ. ಇಂದಿನ ಅಭ್ಯರ್ಥಿಗಳಲ್ಲಿ ಈ ಎರಡು ಪದಗಳ ನಂಟು ಹುಡುಕುವುದು ಕಷ್ಟ.

'ಗ್ಲ' ಧ್ವನಿಯಿಂದ ಆರಂಭವಾಗುವ ಪದಗಳದ್ದು ದೊಡ್ಡ ಗುಂಪು: ಗ್ಲೀಮ್, ಗ್ಲೋ, ಗ್ಲಿಟರ್, ಗ್ಲಿಮರ್, ಗ್ಲಿಂಟ್. ಇವುಗಳಲ್ಲಿ ಹೆಚ್ಚಿನವನ್ನು 'ಹೊಳೆ' ಎಂಬರ್ಥದ ಒಂದು ಪ್ರಾಚೀನ ಧಾತುವಿಗೆ ಸೇರಿಸುತ್ತಾರೆ. ಚಿನ್ನವನ್ನು ಹೇಳುವ ಗೋಲ್ಡ್, ಹಳದಿಯನ್ನು ಹೇಳುವ ಯೆಲೋ, ಸಂಸ್ಕೃತದ 'ಹಿರಣ್ಯ' ಎಲ್ಲವೂ ಇದರ ಸಂತಾನ. ಸಂತೋಷದ ಗ್ಲ್ಯಾಡ್‌ಗೆ ಮೊದಲು ಇದ್ದುದು ಹೊಳೆಯುವ, ನುಣುಪಾದ ಎಂಬ ಅರ್ಥ. ಹೀಗೆ ಒಂದು ಅರ್ಥವಲಯದೊಡನೆ ಕೂಡಿಕೊಂಡ ಧ್ವನಿಗುಚ್ಛಕ್ಕೆ ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1930ರಲ್ಲಿ 'ಫೋನೆಸ್ತೀಮ್' ಎಂಬ ಹೆಸರಿಟ್ಟ.

ದೀಪದ ಸಲಕರಣೆಗಳೂ ಪದಗಳನ್ನು ತಿದ್ದಿವೆ. ಗಾಜು ದುಬಾರಿಯಾಗಿದ್ದಾಗ ಲ್ಯಾಂಟರ್ನಿನ ಕಿಟಕಿಗಳಿಗೆ ದನದ ಕೊಂಬನ್ನು ಬೆಳಕು ಹಾಯುವಷ್ಟು ತೆಳುವಾದ ಹಾಳೆ ಮಾಡಿ ಕೂರಿಸುತ್ತಿದ್ದರು. ಕೊಂಬಿಗೆ ಇಂಗ್ಲಿಷಿನಲ್ಲಿ ಹಾರ್ನ್. ಹಾಗಾಗಿ ಜನ ಆ ಪದವನ್ನೇ 'ಲ್ಯಾಂಟ್‌ಹಾರ್ನ್' ಎಂದು ಬರೆಯತೊಡಗಿದರು. ಈ ಕಾಗುಣಿತ ಬಹುಕಾಲ ಚಲಾವಣೆಯಲ್ಲಿತ್ತು. ನಮ್ಮ ಲಾಂದ್ರವೂ ಇದೇ ಬಳಗದ್ದು. ಲೈಮ್‌ಲೈಟ್‌ನಲ್ಲಿರುವುದು ನಿಂಬೆಯಲ್ಲ, ಸುಣ್ಣ. ಆಮ್ಲಜನಕ-ಜಲಜನಕಗಳ ಜ್ವಾಲೆಯಲ್ಲಿ ಸುಣ್ಣದ ತುಂಡನ್ನು ಕಾಯಿಸಿದರೆ ಕಣ್ಣು ಕೋರೈಸುವ ಬಿಳಿ ಬೆಳಕು ಬರುತ್ತದೆ. ಥಾಮಸ್ ಡ್ರಮಂಡ್ 1820ರ ದಶಕದಲ್ಲಿ ಇದನ್ನು ಐರ್ಲೆಂಡಿನ ಭೂಮಾಪನದಲ್ಲಿ ದೂರದ ಗುರುತಿಗೆ ಬಳಸಿದ. ಮುಂದೆ ರಂಗಮಂದಿರಗಳು ಅದನ್ನು ನಟರ ಮೇಲೆ ಬಿಟ್ಟವು. ವಿದ್ಯುದ್ದೀಪ ಬಂದು ಸುಣ್ಣ ಹೋಯಿತು. ಪ್ರಚಾರದಲ್ಲಿರುವುದು ಎಂಬ ಅರ್ಥ ನಿಂತಿತು.

ಎಲ್ಲಕ್ಕಿಂತ ಹೆಚ್ಚು ಪಾಡುಪಟ್ಟ ಪದ ಲೂಸಿಫರ್. ಲ್ಯಾಟಿನ್ನಿನಲ್ಲಿ 'ಬೆಳಕು ತರುವವನು' ಎಂದರೆ ಬೆಳ್ಳಿ, ಅಂದರೆ ಮುಂಜಾನೆಯ ಶುಕ್ರ. ಬೈಬಲಿನ ಯೆಶಾಯ ಗ್ರಂಥದಲ್ಲಿ ಬಾಬಿಲೋನಿನ ಅರಸನ ಪತನವನ್ನು ಬೆಳ್ಳಿಯ ಪತನಕ್ಕೆ ಹೋಲಿಸಿದೆ. ಕ್ರೈಸ್ತ ವ್ಯಾಖ್ಯಾನಕಾರರು ಅದನ್ನು ಸೈತಾನನಿಗೆ ಅನ್ವಯಿಸಿದ್ದರಿಂದ ನಕ್ಷತ್ರದ ಹೆಸರು ಪಿಶಾಚಿಯ ಪಾಲಾಯಿತು. 1830ರ ಆಸುಪಾಸಿನಲ್ಲಿ ಲಂಡನ್ನಿನ ಬೆಂಕಿಕಡ್ಡಿಗಳು ಅದೇ ಹೆಸರಿನಲ್ಲಿ ಮಾರಾಟವಾದವು. ಡಚ್ ಭಾಷೆಯಲ್ಲಿ ಇಂದಿಗೂ ಬೆಂಕಿಕಡ್ಡಿ ಎಂದರೆ ಲೂಸಿಫರ್.

ಬ್ರೈಟ್ ಪದ ಹಳೆಯ ಹೆಸರುಗಳಲ್ಲಿ ಅಡಗಿದೆ. ಆಲ್ಬರ್ಟ್, ರಾಬರ್ಟ್, ಹರ್ಬರ್ಟ್‌ಗಳ ಕೊನೆಯ ಭಾಗ ಅದರದೇ ಬಂಧು. ಬುದ್ಧಿವಂತ ಎಂಬ ಅರ್ಥ ತಡವಾಗಿ ಸೇರಿತು.

ಫೋಟಾನ್ ಪದವನ್ನು ಬಳಕೆಗೆ ತಂದವನು ಅಮೆರಿಕದ ರಸಾಯನವಿಜ್ಞಾನಿ ಗಿಲ್ಬರ್ಟ್ ಲೂಯಿಸ್. 1926ರಲ್ಲಿ 'ನೇಚರ್' ಪತ್ರಿಕೆಗೆ ಬರೆದ ಪತ್ರದಲ್ಲಿ, ಸೃಷ್ಟಿಯೂ ನಾಶವೂ ಇಲ್ಲದ ಒಂದು ಹೊಸ ಬಗೆಯ ಪರಮಾಣುವಿಗೆ ಅವನು ಈ ಹೆಸರು ಸೂಚಿಸಿದ್ದ. ಆ ಕಲ್ಪನೆಯನ್ನು ಭೌತವಿಜ್ಞಾನಿಗಳು ಒಪ್ಪಲಿಲ್ಲ. ಹೆಸರನ್ನು ಮಾತ್ರ ತೆಗೆದುಕೊಂಡು ಬೆಳಕಿನ ಕಣಕ್ಕೆ ಇಟ್ಟರು.