ಅಂತರ್ಗತ

‘ಒಳಗೆ’ ಎಂಬರ್ಥದ ‘ಅಂತರ್’ ಅವ್ಯಯಕ್ಕೆ ‘ಗಮ್’ ಧಾತುವಿನಿಂದ ನಿಷ್ಪನ್ನವಾದ ‘ಗತ’ ಸೇರಿ ಸಿದ್ಧವಾದ ಈ ತತ್ಸಮಕ್ಕೆ ‘ಒಳಹೊಕ್ಕಿರುವ, ಒಳಗೆ ಅಡಗಿರುವ’ ಎಂಬುದು ಲೋಕರೂಢಿಯ ಅರ್ಥ. ಪೇಟೆಂಟ್ ನ್ಯಾಯದಲ್ಲಿ ದೊರೆಯುವ ಅರ್ಥವಾದರೋ ಇನ್ನೂ ಬಿಗಿಯಾದುದು. ಹಳೆಯ ದಾಖಲೆಯೊಂದು ಬಾಯಿಬಿಟ್ಟು ಹೇಳದ ಗುಣವೂ, ಅದು ವರ್ಣಿಸಿದ ವಸ್ತುವಿನಲ್ಲಿ ಅನಿವಾರ್ಯವಾಗಿ ಇದ್ದೇ ತೀರುವುದಾದರೆ, ಅಂತರ್ಗತವೆನಿಸಿ ಅನಂತರದ ಶೋಧದ ನೂತನತ್ವವನ್ನು ಕಳೆಯಬಲ್ಲುದು.

ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದಲ್ಲಿ, ಕುಲುಮೆಯಿಂದ ಕೆಂಪಗೆ ಹೊರಬಂದ ಉಕ್ಕಿನ ಗೇರನ್ನು ಎಣ್ಣೆಯಲ್ಲಿ ಅದ್ದಿದೊಡನೆ ಹೊಗೆಯೆದ್ದು, ಅದರ ಒಳರಚನೆ ಮಾರ್ಟೆನ್ಸೈಟಾಗಿ ಮಾರ್ಪಟ್ಟು ಗಡಸಾಗುವುದನ್ನು ನೆನೆಯಿರಿ. ಉಕ್ಕಿನ ಜಾತಿ, ಕಾವು, ತಣಿಸುವ ವೇಗ ಇವನ್ನೆಲ್ಲ ಹಳೆಯ ಲೇಖನ ಹೇಳಿದ್ದರೆ, ಮಾರ್ಟೆನ್ಸೈಟಿನ ಹೆಸರೆತ್ತದಿದ್ದರೂ ಅದು ಅಲ್ಲಿ ಅಂತರ್ಗತ. ವೇಗವನ್ನೇ ಹೇಳದಿದ್ದರೆ, ಉಂಟಾಗಿದ್ದಿರಬಹುದೆಂಬ ಊಹೆ ಮಾತ್ರ.

1999ರಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯವು ರಾಬರ್ಟ್‌ಸನ್ ಪ್ರಕರಣದಲ್ಲಿ, ಡಯಾಪರಿನ ಮೂರನೆಯ ಬಂಧಕವು ಹಳೆಯ ಪೇಟೆಂಟಿನಲ್ಲಿ ಅಂತರ್ಗತವೆಂದ ಅಲ್ಲಿನ ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಲಿಯ ತೀರ್ಮಾನವನ್ನು ತಳ್ಳಿಹಾಕಿ, ಸಂಭಾವ್ಯತೆ ಸಾಲದು, ಅನಿವಾರ್ಯತೆಯೇ ಸಿದ್ಧವಾಗಬೇಕೆಂದಿತು. ಇದು ಸರ್ವಥಾ ನ್ಯಾಯವಾದ ಮಾತು. ಇಲ್ಲವಾದರೆ ಹಿಂದಿರುಗಿ ನೋಡುವವರ ಕಣ್ಣಿಗೆ ಎಲ್ಲ ಶೋಧವೂ ಹಳತಾಗಿಯೇ ಕಾಣುವುದು.

ನಮ್ಮಲ್ಲಿ 1970ರ ಪೇಟೆಂಟ್ ಕಾಯಿದೆಯ 117ಎ ಕಲಮಿನ ಮೇಲ್ಮನವಿಗಳನ್ನು, 2021ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಲಿ ರದ್ದಾದಂದಿನಿಂದ, ಉಚ್ಚ ನ್ಯಾಯಾಲಯಗಳು ಆಲಿಸುತ್ತಿವೆ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರಿವೆ. ‘ಅಂತರ್ಗತ’ವೆಂಬ ಆಕ್ಷೇಪ ಎದುರಾದಾಗ, ಅನಿವಾರ್ಯವೆಂಬುದಕ್ಕೆ ಪ್ರಮಾಣವೇನೆಂದು ಕೇಳುವುದನ್ನು ಪೀಣ್ಯದ ಶೋಧಕರು ಮರೆಯಬಾರದು.